ಲಾಕ್‌ಡೌನ್‌ನಲ್ಲಿ ಬಾಡಿಗೆ ಮನೆಯ ಗ್ಯಾಸ್ ಚೆಕ್ ಮಾಡಿಸಿದವರಿದ್ದೀರಾ?

ಇಂಗ್ಲೆಂಡಿನಲ್ಲಿರುವವರಿಗೆ ಒಂದು ಪ್ರಶ್ನೆ. ರೆಡಿಂಗ್‌ನಲ್ಲಿರುವ ನಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಗ್ಯಾಸ್ ಸೇಫ್ಟಿ ಚೆಕ್‌ನ ವಾಯಿದೆ ಜೂನ್ 9, 2020ಕ್ಕೆ ಮುಗಿಯುತ್ತದೆ. ಬಾಡಿಗೆಯವರ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. "ಈಗ ಯಾರೂ ಒಳಗೆ ಬರೋದು ಬೇಡ" ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ 1
ನಮಗೂ ಏಪ್ರಿಲ್‌ನಲ್ಲಿ ಇದೇ ಪಾಡು. ಕೊರೊನಾ ಅಂತ ಸರ್ಕಾರ ಈ ಚೆಕ್‌ಗೆ ವಿನಾಯಿತಿ ಕೊಟ್ಟಿಲ್ಲ. 1998ರ ನಿಯಮದ ಪ್ರಕಾರ 12 ತಿಂಗಳಿಗೊಮ್ಮೆ ಮಾಡಿಸಲೇಬೇಕು. ಆದರೆ ನೀವು ನಿಜವಾಗಿ ಪ್ರಯತ್ನಪಟ್ಟು, ಅದಕ್ಕೆ ದಾಖಲೆ ಇಟ್ಟುಕೊಂಡಿದ್ದರೆ ಅದನ್ನು ಪರಿಗಣಿಸುತ್ತಾರೆ.

ಮೊದಲ ಸಲ ಎಂಜಿನಿಯರೇ ಬರಲಿಲ್ಲ. ಎರಡನೇ ಸಲ ಬಾಡಿಗೆಯವರಿಗೆ ಕೆಮ್ಮು, ಇಡೀ ಮನೆಗೆ 14 ದಿನ ಐಸೊಲೇಷನ್. ನಾನು ಪ್ರತಿ ಫೋನ್ ಕರೆ ಆದ ಮೇಲೂ "ಈಗ ಮಾತಾಡಿದ್ದು ಇದು" ಅಂತ ಎರಡು ಸಾಲಿನ ಇಮೇಲ್ ಹಾಕುತ್ತಿದ್ದೆ. ಹೆಂಡತಿ ನಕ್ಕಳು. ನಗಲಿ ಬಿಡಿ, ಆಮೇಲೆ ಕೈಹಿಡಿಯುವುದು ಅದೇ.

ಮೂರನೇ ಸಲ ಆಯಿತು. ನಮ್ಮ ಬಾಯ್ಲರ್ ಇರುವುದು ಅಡುಗೆಮನೆಯಲ್ಲಿ. ಅದರ ಮುಂದಿದ್ದ ಡಬ್ಬಗಳನ್ನೆಲ್ಲ ಬಾಡಿಗೆಯವರು ಮೊದಲೇ ತೆಗೆದಿಟ್ಟಿದ್ದರು. ಕಿಟಕಿ ತೆರೆದು, ನಡುವಿನ ಬಾಗಿಲುಗಳನ್ನೂ ತೆರೆದೇ ಬಿಟ್ಟು, ಎಲ್ಲರೂ ಮಹಡಿಯ ಕೋಣೆಗೆ ಹೋದರು. ಎಂಜಿನಿಯರ್ ಹೊರಗಿನಿಂದಲೇ ಫೋನ್ ಮಾಡಿ ಒಳಗೆ ಬಂದ. ಮಾತೆಲ್ಲ ಫೋನಿನಲ್ಲೇ. ಮುಕ್ಕಾಲು ಗಂಟೆಯ ಕೆಲಸ. ಹೋಗುವಾಗ ಹಿಡಿಕೆಗಳನ್ನು ಒರೆಸಿದ. ವರದಿ ಇಮೇಲ್‌ನಲ್ಲಿ ಬಂತು, ಬಾಡಿಗೆಯವರಿಗೂ ಕಳಿಸಿದೆ. 28 ದಿನದೊಳಗೆ ಅವರಿಗೆ ಪ್ರತಿ ತಲುಪಬೇಕು.

ನಿಮ್ಮ ಹತ್ತಿರ ಕೀ ಇದೆ ಅಂತ ಮಾತ್ರ ನುಗ್ಗಬೇಡಿ. ಬೇಡವೇ ಬೇಡ ಅಂದರೆ, ಕಾರಣವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿ.

ಉತ್ತರ 2
ನಾನು ಬಾಡಿಗೆಗೆ ಇರುವವಳು. ಮಾವನವರಿಗೆ ಶೀಲ್ಡಿಂಗ್ ಪತ್ರ (ಕೊರೊನಾದಿಂದ ಹೆಚ್ಚು ಅಪಾಯ ಇರುವವರು ಮನೆಯಲ್ಲೇ ಇರಿ ಅನ್ನುವ ಪತ್ರ) ಬಂದಿದೆ. ನಮ್ಮ ಓನರ್ ಮೊದಲು ನೋಟಿಸ್ ತರಹದ ಇಮೇಲ್ ಹಾಕಿದ್ದರು, ನಾನು ಖಡಾಖಂಡಿತ ಆಗಲ್ಲ ಅಂದೆ. ಆಮೇಲೆ ಫೋನ್ ಮಾಡಿ "ನಿಮಗೆ ಏನು ಭಯ, ಹೇಳಿ" ಅಂತ ಕೇಳಿದರು. ಅಲ್ಲಿಗೆ ಮಾತು ತಿರುಗಿತು. ಬೆಳಗಿನ ಮೊದಲ ಸಮಯ ಕೊಡಿ, ಬರುವವರ ಗ್ಯಾಸ್ ಸೇಫ್ ಕಾರ್ಡ್ (ನೋಂದಾಯಿತ ಗ್ಯಾಸ್ ಎಂಜಿನಿಯರ್‌ಗಳ ಗುರುತಿನ ಚೀಟಿ) ನಂಬರ್ ಮೊದಲೇ ಕಳಿಸಿ ಅಂದೆ, ಒಪ್ಪಿದರು. ಕಾರ್ಡಿನ ಹಿಂಬದಿಯನ್ನೂ ನೋಡಿ. ಯಾವ ಉಪಕರಣ ಮುಟ್ಟಲು ಅರ್ಹತೆ ಇದೆ ಅಂತ ಅಲ್ಲೇ ಇರುತ್ತದೆ.

ಉತ್ತರ 3
ಚೆಕ್ ಆಗುವವರೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಪೋಸ್ಟ್‌ನಲ್ಲಿ ಕಳಿಸಿ. ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಲ್ಲರೂ ದಿನವಿಡೀ ಮನೆಯಲ್ಲೇ ಇರುವ ಕಾಲ ಬೇರೆ. ಒಲೆಯ ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ ಉಪಯೋಗಿಸುವುದನ್ನು ನಿಲ್ಲಿಸಿ ತಿಳಿಸಲು ಹೇಳಿ. ಗ್ಯಾಸ್ ತುರ್ತು ನಂಬರ್ 0800 111 999.

ಇನ್ನೊಂದು ವಿಷಯ. 2018ರಿಂದ ಎರಡು ತಿಂಗಳು ಮುಂಚೆ ಚೆಕ್ ಮಾಡಿಸಿದರೂ ವಾಯಿದೆಯ ಹಳೆಯ ತಾರೀಖೇ ಉಳಿಯುತ್ತದೆ. ಮುಂದಿನ ವರ್ಷ ಏಪ್ರಿಲ್‌ನಲ್ಲೇ ಶುರು ಮಾಡಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ನಾನು ಕಳಿಸಿದ್ದೂ ನೋಟಿಸ್ ತರಹದ ಇಮೇಲೇ! ಸಂಜೆ ಫೋನ್ ಮಾಡುತ್ತೇನೆ. ಅಲಾರಂ ಈಗಷ್ಟೇ ಆರ್ಡರ್ ಮಾಡಿದೆ.