ಕ್ಯಾಲಿಫೋರ್ನಿಯಾ: ಆಡಳಿತದ ಕ್ರೆಡೆನ್ಶಿಯಲ್ ಮೊದಲೋ, ವಿಶೇಷ ಶಿಕ್ಷಣದ್ದು ಮೊದಲೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಸಾರ್ವಜನಿಕ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೇನೆ. ಇದು ಏಳನೆಯ ವರ್ಷ. ಊರಿನಲ್ಲಿ ಎಂ.ಎಸ್ಸಿ., ಬಿ.ಎಡ್. ಮುಗಿಸಿ ಬಂದವಳು. ಇಲ್ಲಿಗೆ ಬಂದ ಮೇಲೆ ಗಣಿತದ ಸಿಂಗಲ್ ಸಬ್ಜೆಕ್ಟ್ ಕ್ರೆಡೆನ್ಶಿಯಲ್ (ಒಂದೇ ವಿಷಯ ಕಲಿಸಲು ರಾಜ್ಯ ಕೊಡುವ ಪರವಾನಗಿ) ಪಡೆದು, ಎರಡು ವರ್ಷದ ಇಂಡಕ್ಷನ್ (ಹೊಸಬರಿಗೆ ಮಾರ್ಗದರ್ಶಕರ ಜೊತೆಗಿನ ತರಬೇತಿ) ಮುಗಿಸಿ, ಅದನ್ನು ಕ್ಲಿಯರ್, ಅಂದರೆ ಪೂರ್ಣ ಪರವಾನಗಿ, ಮಾಡಿಸಿಕೊಂಡಿದ್ದೇನೆ.

ಈಗ ಮುಂದಿನ ಓದಿನ ಯೋಚನೆ. ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆದು ಆಡಳಿತದ ಕ್ರೆಡೆನ್ಶಿಯಲ್ ಮಾಡಿಕೊಳ್ಳುವಂತೆ ಎರಡು ಬಾರಿ ಹೇಳಿದ್ದಾರೆ. ಆದರೆ ನನ್ನ ಮನಸ್ಸು ಇನ್ನೊಂದು ಕಡೆಗೂ ಎಳೆಯುತ್ತಿದೆ. ಕಳೆದ ವರ್ಷ ನನ್ನ ಆಲ್ಜೀಬ್ರಾ ತರಗತಿಯ ಮೂವತ್ತೆರಡು ಮಕ್ಕಳಲ್ಲಿ ಒಂಬತ್ತು ಮಂದಿಗೆ ಐಇಪಿ (ವಿಶೇಷ ಶಿಕ್ಷಣ ಬೇಕಾದ ಮಗುವಿಗಾಗಿ ಬರೆಯುವ ವೈಯಕ್ತಿಕ ಕಲಿಕಾ ಯೋಜನೆ) ಇತ್ತು. ಜೊತೆಯಲ್ಲಿ ಪಾಠ ಮಾಡುತ್ತಿದ್ದ ವಿಶೇಷ ಶಿಕ್ಷಣದ ಶಿಕ್ಷಕಿ ನವೆಂಬರಿನಲ್ಲಿ ಕೆಲಸ ಬಿಟ್ಟರು. ಆ ಜಾಗಕ್ಕೆ ವಾರಕ್ಕೊಬ್ಬ ಬದಲಿ ಶಿಕ್ಷಕರು ಬಂದು ಹೋದರು. ಆ ಒಂಬತ್ತು ಮಕ್ಕಳ ಕಡತಗಳನ್ನು ರಾತ್ರಿ ಕುಳಿತು ಓದಿದಾಗ ನನಗೆ ಎಷ್ಟು ಕಡಿಮೆ ತಿಳಿದಿದೆ ಎಂಬುದು ಅರ್ಥವಾಯಿತು, ಆ ಕೆಲಸ ನನಗೆ ಹಿಡಿಸುತ್ತದೆ ಎಂಬುದೂ ಗೊತ್ತಾಯಿತು.

ನನ್ನ ಪ್ರಶ್ನೆಗಳು ಇವು. ಎರಡರಲ್ಲಿ ಯಾವುದನ್ನು ಮೊದಲು ಮಾಡುವುದು ಒಳ್ಳೆಯದು? ಇದಕ್ಕಾಗಿ ಇನ್ನೊಂದು ಮಾಸ್ಟರ್ಸ್ ಪದವಿ ಬೇಕೇ? ನಮ್ಮ ಯಜಮಾನರಿಗೆ ಎರಡು ಮೂರು ವರ್ಷದಲ್ಲಿ ಟೆಕ್ಸಸ್‌ಗೆ ವರ್ಗವಾಗುವ ಸಾಧ್ಯತೆ ಇರುವುದರಿಂದ, ಇಲ್ಲಿ ಪಡೆದದ್ದು ಅಲ್ಲಿ ನಡೆಯುತ್ತದೆಯೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1

ಮೇಡಂ, ನಾನು ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿ, ಈಗ ನಾಲ್ಕು ವರ್ಷದಿಂದ ವೈಸ್ ಪ್ರಿನ್ಸಿಪಾಲನಾಗಿದ್ದೇನೆ. ಮೊದಲು ಒಂದು ಗೊಂದಲವನ್ನು ಬಿಡಿಸುತ್ತೇನೆ, ಏಕೆಂದರೆ ನಮ್ಮವರಲ್ಲಿ ಬಹಳ ಜನ ಇಲ್ಲಿಯೇ ಎಡವುತ್ತಾರೆ. ಪದವಿ ಬೇರೆ, ಕ್ರೆಡೆನ್ಶಿಯಲ್ ಬೇರೆ. ಪದವಿಯನ್ನು ವಿಶ್ವವಿದ್ಯಾಲಯ ಕೊಡುತ್ತದೆ; ಕ್ರೆಡೆನ್ಶಿಯಲ್ಲನ್ನು ಕೊಡುವುದು ರಾಜ್ಯದ ಆಯೋಗ, ಅಂದರೆ ನಾವೆಲ್ಲ ಸಿಟಿಸಿ ಎನ್ನುವ ಸಂಸ್ಥೆ. ವಿಶ್ವವಿದ್ಯಾಲಯ ನಿಮ್ಮ ಹೆಸರನ್ನು ಶಿಫಾರಸು ಮಾಡಬಹುದು, ಅಷ್ಟೆ. ಆದ್ದರಿಂದ 'ಶೈಕ್ಷಣಿಕ ನಾಯಕತ್ವದಲ್ಲಿ ಎಂ.ಎ.' ಎಂದು ದೊಡ್ಡದಾಗಿ ಬರೆದುಕೊಂಡ ಕೋರ್ಸ್ ಕಂಡ ಕೂಡಲೇ ಹಣ ಕಟ್ಟಬೇಡಿ. ಆ ಕೋರ್ಸ್ ಆಯೋಗದ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಗೋಡೆಗೆ ತೂಗುಹಾಕಲು ಒಂದು ಪ್ರಮಾಣಪತ್ರ ಸಿಗುತ್ತದೆ, ಹುದ್ದೆ ಸಿಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಆಡಳಿತ ಸೇವೆಯ ಪ್ರಾರಂಭಿಕ ಕ್ರೆಡೆನ್ಶಿಯಲ್‌ಗೆ ಮಾಸ್ಟರ್ಸ್ ಕಡ್ಡಾಯವಲ್ಲ. ಬೇಕಾದದ್ದು ಮಾನ್ಯವಾದ ಒಂದು ಬೋಧನಾ ಕ್ರೆಡೆನ್ಶಿಯಲ್ ಅಥವಾ ಸಮಾಲೋಚಕರು, ಶಾಲಾ ದಾದಿಯರು ಮುಂತಾದವರ ಸೇವಾ ಕ್ರೆಡೆನ್ಶಿಯಲ್, ಐದು ವರ್ಷದ ಪೂರ್ಣಾವಧಿ ಅನುಭವ, ಅನುಮೋದಿತ ಕೋರ್ಸ್, ಮತ್ತು ಕ್ಯಾಲ್‌ಎಪಿಎ ಎಂಬ ಮೌಲ್ಯಮಾಪನ. ಬದಲಿ ಶಿಕ್ಷಕರಾಗಿಯೋ ಅರೆಕಾಲಿಕವಾಗಿಯೋ ದುಡಿದ ದಿನಗಳು ಆ ಐದು ವರ್ಷಕ್ಕೆ ಸೇರುವುದಿಲ್ಲ. ನಿಮಗೆ ಆ ತೊಂದರೆ ಇಲ್ಲ.

ಕ್ಯಾಲ್‌ಎಪಿಎ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೋರ್ಸಿನ ನಿಜವಾದ ಭಾರ ಇರುವುದು ಅಲ್ಲಿ. ಅದು ಕುಳಿತು ಬರೆಯುವ ಪರೀಕ್ಷೆಯಲ್ಲ, ಮೂರು ಸುತ್ತುಗಳ ಕೆಲಸ. ಮೊದಲ ಸುತ್ತಿನಲ್ಲಿ ನಿಮ್ಮ ಶಾಲೆಯ ಹಲವು ವರ್ಷದ ಅಂಕಿ ಅಂಶಗಳನ್ನು ಹಿಡಿದು, ಯಾವ ಮಕ್ಕಳ ಗುಂಪು ಹಿಂದೆ ಬೀಳುತ್ತಿದೆ, ಏಕೆ ಎಂಬುದನ್ನು ಹುಡುಕಬೇಕು. ಎರಡನೆಯದರಲ್ಲಿ ಸಹೋದ್ಯೋಗಿಗಳ ಸಣ್ಣ ಗುಂಪನ್ನು ಕಟ್ಟಿಕೊಂಡು ಒಂದು ಬೋಧನಾ ಸಮಸ್ಯೆಯ ಮೇಲೆ ಕೆಲಸ ಮಾಡಿಸಬೇಕು. ಮೂರನೆಯದರಲ್ಲಿ ಒಪ್ಪಿಕೊಂಡ ಒಬ್ಬ ಶಿಕ್ಷಕರ ತರಗತಿಯನ್ನು ವೀಕ್ಷಿಸಿ, ಮೊದಲೂ ನಂತರವೂ ಅವರೊಡನೆ ಮಾತನಾಡಿ, ವೀಡಿಯೊ ಸಮೇತ ಒಪ್ಪಿಸಬೇಕು. ನನ್ನ ಮೊದಲ ವೀಡಿಯೊದಲ್ಲಿ ಹನ್ನೆರಡು ನಿಮಿಷದಲ್ಲಿ ಒಂಬತ್ತು ನಿಮಿಷ ನಾನೇ ಮಾತನಾಡಿದ್ದೆ. ಪಾಪ, ಆ ಶಿಕ್ಷಕಿ ತಲೆಯಾಡಿಸುತ್ತಾ ಕುಳಿತಿದ್ದರು. ಅದನ್ನು ನಾನೇ ನೋಡಿ ನಾಚಿಕೊಂಡದ್ದು ಇಡೀ ಕೋರ್ಸಿಗಿಂತ ಹೆಚ್ಚು ಕಲಿಸಿತು.

ಇಷ್ಟೆಲ್ಲ ಮುಗಿದರೂ ಆಡಳಿತ ಹುದ್ದೆ ಕೈಯಲ್ಲಿಲ್ಲದವರಿಗೆ ಸಿಗುವುದು ಅರ್ಹತಾ ಪತ್ರ ಮಾತ್ರ. ಹುದ್ದೆ ಸಿಕ್ಕ ಮೇಲೆ ಐದು ವರ್ಷದ ಪ್ರಾರಂಭಿಕ ಕ್ರೆಡೆನ್ಶಿಯಲ್ ಬರುತ್ತದೆ. ಅಷ್ಟರೊಳಗೆ ತರಬೇತುದಾರರ ಜೊತೆ ಎರಡು ವರ್ಷದ ಇಂಡಕ್ಷನ್ ಮುಗಿಸಿ ಅದನ್ನು ಕ್ಲಿಯರ್ ಮಾಡಿಸಿಕೊಳ್ಳಬೇಕು. ಈ ಒಂದೇ ಕ್ರೆಡೆನ್ಶಿಯಲ್ ವೈಸ್ ಪ್ರಿನ್ಸಿಪಾಲ್ ಹುದ್ದೆಯಿಂದ ಹಿಡಿದು, ಡಿಸ್ಟ್ರಿಕ್ಟ್‌ನ (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಘಟಕದ) ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಹುದ್ದೆಯವರೆಗೆ ಸಾಕಾಗುತ್ತದೆ.

ಯಾರೂ ಮೊದಲೇ ಹೇಳದ ಒಂದು ಮಾತನ್ನು ಹೇಳಿಬಿಡುತ್ತೇನೆ. ಶಿಕ್ಷಕರಿಗೆ ಇರುವ ಖಾಯಂತನ ಆಡಳಿತ ಹುದ್ದೆಗೆ ಇಲ್ಲ. ಮಾರ್ಚ್ 15ರೊಳಗೆ ನೋಟಿಸ್ ಕೊಟ್ಟರೆ, ಮುಂದಿನ ವರ್ಷ ನಿಮ್ಮನ್ನು ತರಗತಿಗೆ ವಾಪಸ್ ಕಳುಹಿಸಲು ಡಿಸ್ಟ್ರಿಕ್ಟ್‌ಗೆ ಅವಕಾಶವಿದೆ. ಶಿಕ್ಷಕರಾಗಿ ಖಾಯಂ ಆಗಿರುವ ಡಿಸ್ಟ್ರಿಕ್ಟ್‌ನಲ್ಲಿಯೇ ಬಡ್ತಿ ಪಡೆದರೆ ಮರಳಲು ಒಂದು ತರಗತಿಯಾದರೂ ಇರುತ್ತದೆ. ಹೊಸ ಡಿಸ್ಟ್ರಿಕ್ಟ್‌ಗೆ ನೇರವಾಗಿ ಆಡಳಿತಗಾರರಾಗಿ ಹಾರುವವರು ಇದನ್ನು ಎರಡು ಸಲ ಯೋಚಿಸಬೇಕು.

ಉತ್ತರ 2

ನಾನು ಹನ್ನೊಂದು ವರ್ಷದಿಂದ ಎಜುಕೇಶನ್ ಸ್ಪೆಷಲಿಸ್ಟ್, ಅಂದರೆ ವಿಶೇಷ ಶಿಕ್ಷಣದ ಶಿಕ್ಷಕ ವೃತ್ತಿಯಲ್ಲಿದ್ದೇನೆ. ಹಿಂದಿನವರು ಆಡಳಿತದ ಬಗ್ಗೆ ಬರೆದದ್ದೆಲ್ಲ ಸರಿ. ನಾನು ಇನ್ನೊಂದು ದಾರಿಯ ಬಗ್ಗೆ ಹೇಳುತ್ತೇನೆ.

ವಿಶೇಷ ಶಿಕ್ಷಣದ ಕ್ರೆಡೆನ್ಶಿಯಲ್‌ನ ವಿಭಾಗಗಳ ಹೆಸರುಗಳು 2022ರ ಸುಮಾರಿಗೆ ಬದಲಾದವು. ಈಗ ಮುಖ್ಯವಾಗಿ ಎರಡು: ಅಲ್ಪದಿಂದ ಮಧ್ಯಮ ಮಟ್ಟದ ನೆರವು ಬೇಕಾದ ಮಕ್ಕಳಿಗಾಗಿ ಒಂದು, ವ್ಯಾಪಕ ನೆರವು ಬೇಕಾದ ಮಕ್ಕಳಿಗಾಗಿ ಇನ್ನೊಂದು. ಎರಡೂ ಕಿಂಡರ್‌ಗಾರ್ಟನ್‌ನಿಂದ 22 ವರ್ಷದವರೆಗೆ ನಡೆಯುತ್ತವೆ. ಇವಲ್ಲದೆ ಶ್ರವಣದೋಷ, ದೃಷ್ಟಿದೋಷ ಮತ್ತು ಶಾಲಾಪೂರ್ವ ವಯಸ್ಸಿನ ಮಕ್ಕಳಿಗೆ ಬೇರೆ ಬೇರೆ ಇವೆ. ನಿಮ್ಮ ಆಲ್ಜೀಬ್ರಾ ತರಗತಿಯ ಒಂಬತ್ತು ಮಕ್ಕಳು ಬಹುಪಾಲು ಮೊದಲನೆಯ ಗುಂಪಿಗೆ ಸೇರುವವರು.

ಗಣಿತದ ಕ್ರೆಡೆನ್ಶಿಯಲ್ ಈಗಾಗಲೇ ಇರುವುದರಿಂದ ವಿಷಯಜ್ಞಾನವನ್ನು ಮತ್ತೆ ಸಾಬೀತು ಮಾಡಬೇಕಾಗಿಲ್ಲ. ಆದರೆ ಓದು ಕಲಿಸುವುದನ್ನು ನೀವು ಕಲಿತಿರುವುದಿಲ್ಲ, ಅದು ಇಲ್ಲಿ ತಪ್ಪುವುದಿಲ್ಲ. ಹಿಂದೆ ಅದಕ್ಕೆ ರೈಕಾ ಎಂಬ ಪರೀಕ್ಷೆ ಇತ್ತು. 2025ರ ಜುಲೈನಿಂದ ಅದರ ಜಾಗಕ್ಕೆ ತರಗತಿಯಲ್ಲಿ ಮಾಡಿ ತೋರಿಸುವ ಸಾಕ್ಷರತಾ ಮೌಲ್ಯಮಾಪನ ಬಂದಿದೆ. ಗಣಿತದವರು ಇದನ್ನು ಹಗುರವಾಗಿ ನೋಡುತ್ತಾರೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಮೀಕರಣವನ್ನು ಬಾಯಲ್ಲಿ ಬಿಡಿಸಿ, ಅದೇ ಲೆಕ್ಕವನ್ನು ಮೂರು ಸಾಲಿನ ಕಥೆಯಾಗಿ ಕೊಟ್ಟಾಗ ಪೆನ್ಸಿಲ್ ಕೆಳಗಿಟ್ಟರೆ, ತೊಡಕು ಗಣಿತದ್ದಲ್ಲ. ಆ ಮೂರು ಸಾಲನ್ನು ಅವನು ಓದಲಾರ. ಅದನ್ನು ಗುರುತಿಸುವುದು ಈ ಓದಿನಿಂದ ಬರುತ್ತದೆ.

ಇಂಟರ್ನ್ ಮಾರ್ಗವೂ ಇದೆ: ಪೂರ್ವಸಿದ್ಧತೆಯ 120 ಗಂಟೆ ಮುಗಿಸಿದರೆ, ಶಿಕ್ಷಕರ ಸಂಬಳದಲ್ಲಿ ವಿಶೇಷ ಶಿಕ್ಷಣದ ಹುದ್ದೆಯಲ್ಲಿ ದುಡಿಯುತ್ತಲೇ ಸಂಜೆಯ ತರಗತಿಗಳಿಗೆ ಹೋಗಬಹುದು. ಹಣದ ದೃಷ್ಟಿಯಿಂದ ಸುಲಭ. ದೇಹಕ್ಕೆ ಬಹಳ ಕಷ್ಟ. ರಿಸೋರ್ಸ್ ಸ್ಪೆಷಲಿಸ್ಟ್ (ಸಾಮಾನ್ಯ ತರಗತಿಯಲ್ಲೇ ಹೆಚ್ಚು ಹೊತ್ತು ಕಲಿಯುವ ಐಇಪಿ ಮಕ್ಕಳಿಗೆ ನೆರವಾಗುವ ಶಿಕ್ಷಕ) ಹುದ್ದೆಗೆ ರಾಜ್ಯದ ಕಾನೂನು 28 ಮಕ್ಕಳ ಮಿತಿ ಹಾಕಿದೆ, ಆದರೆ ಇಪ್ಪತ್ತೆಂಟು ಎಂದರೆ ಇಪ್ಪತ್ತೆಂಟು ಐಇಪಿ, ಪ್ರತಿಯೊಂದಕ್ಕೂ ವರ್ಷಕ್ಕೊಂದು ಸಭೆ, ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ. ಶಿಕ್ಷಕರಾಗಲು ಓದುವವರಿಗೆ ಫೆಡರಲ್ ಸರ್ಕಾರ ಕೊಡುವ ಟೀಚ್ ಗ್ರಾಂಟ್ ಎಂಬ ಸಹಾಯಧನ ಈ ಕ್ಷೇತ್ರಕ್ಕೆ ಸಿಗುತ್ತದೆ, ಕಾನೂನಿನಂತೆ ವರ್ಷಕ್ಕೆ ಗರಿಷ್ಠ 4,000 ಡಾಲರ್. ಪೌರತ್ವ ಅಥವಾ ಗ್ರೀನ್ ಕಾರ್ಡ್‌ನಂಥ ಅರ್ಹತೆ ಬೇಕು. ಎಂಟು ವರ್ಷದೊಳಗೆ ನಾಲ್ಕು ವರ್ಷ ಕಡಿಮೆ ಆದಾಯದ ಕುಟುಂಬಗಳ ಶಾಲೆಯಲ್ಲಿ ಕಲಿಸದಿದ್ದರೆ ಅದು ಬಡ್ಡಿ ಸಮೇತ ಸಾಲವಾಗುತ್ತದೆ. ಆ ನಾಲ್ಕು ವರ್ಷಕ್ಕೆ ಲೆಕ್ಕವಾಗುವುದು ಬೋಧನೆ ಮಾತ್ರ. ಮಧ್ಯದಲ್ಲಿ ವೈಸ್ ಪ್ರಿನ್ಸಿಪಾಲ್ ಕುರ್ಚಿಗೆ ಹೋಗುವ ಆಸೆ ಇರುವವರು ಇದನ್ನು ಮರೆಯಬಾರದು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಐಇಪಿ ಸಭೆ ನಡೆಯುತ್ತಿತ್ತು. ಪರೀಕ್ಷೆಯ ಫಲಿತಾಂಶ ಸ್ಪಷ್ಟವಾಗಿತ್ತು, ಹುಡುಗಿಗೆ ವಾರಕ್ಕೆ ಮೂರು ದಿನ ಓದಿನ ವಿಶೇಷ ಪಾಠ ಬೇಕು ಎಂದು ನಾವೆಲ್ಲ ಒಪ್ಪಿದ್ದೆವು. ಮೇಜಿನ ತುದಿಯಲ್ಲಿ ಕುಳಿತಿದ್ದ, ಆಡಳಿತಕ್ಕೆ ಹೊಸಬರಾದ ಅಧಿಕಾರಿ ಗಡಿಯಾರ ನೋಡಿ, "ಅದಕ್ಕೆ ನಮ್ಮಲ್ಲಿ ಜನ ಇಲ್ಲ" ಎಂದರು. ತಾಯಿ ತಮ್ಮ ನೋಟ್‌ಬುಕ್ ತೆರೆದು ಆ ಮಾತನ್ನು ತಾರೀಖಿನ ಸಹಿತ ಬರೆದುಕೊಂಡರು. ಸೇವೆಯನ್ನು ನಿರ್ಧರಿಸಬೇಕಾದದ್ದು ಮಗುವಿನ ಅಗತ್ಯ, ಶಾಲೆಯ ಸಿಬ್ಬಂದಿಯ ಸಂಖ್ಯೆಯಲ್ಲ. ಇದು ಫೆಡರಲ್ ಕಾನೂನಿನ ಮೊದಲ ಪಾಠ. ಎರಡು ವಾರದ ನಂತರ ಅದೇ ಸಭೆಯನ್ನು ಮತ್ತೆ ಕರೆಯಬೇಕಾಯಿತು, ಆಗ ತಾಯಿಯ ಪಕ್ಕದಲ್ಲಿ ವಕೀಲರೊಬ್ಬರು ಕುಳಿತಿದ್ದರು. ಡಿಸ್ಟ್ರಿಕ್ಟ್‌ನ ಸಂಪನ್ಮೂಲಗಳ ಬಗ್ಗೆ ತಿಳಿದಿರುವ ಅದರ ಪ್ರತಿನಿಧಿಯೊಬ್ಬರು ಆ ಮೇಜಿನಲ್ಲಿ ಇರಲೇಬೇಕೆಂದು ಕಾನೂನು ಹೇಳುತ್ತದೆ, ಶಾಲೆಗಳಲ್ಲಿ ಸಾಮಾನ್ಯವಾಗಿ ಆ ಕುರ್ಚಿ ವೈಸ್ ಪ್ರಿನ್ಸಿಪಾಲರದು. ನೀವು ಕೇಳುತ್ತಿರುವ ಎರಡು ದಾರಿಗಳೂ ಒಂದೇ ಮೇಜಿಗೆ ಬಂದು ಸೇರುತ್ತವೆ. ಮೊದಲು ಶಿಕ್ಷಕರ ಕಡೆಯ ಕುರ್ಚಿಯಲ್ಲಿ ಕುಳಿತು, ಆಮೇಲೆ ಆ ತುದಿಗೆ ಹೋಗಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 3

ನಾನು ಕ್ಯಾಲಿಫೋರ್ನಿಯಾದಿಂದ ಟೆಕ್ಸಸ್‌ಗೆ ಬಂದವಳು, ಆದ್ದರಿಂದ ಆ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ರಾಜ್ಯಗಳ ನಡುವೆ ಪರಸ್ಪರ ಮಾನ್ಯತೆಯ ಒಪ್ಪಂದವಿದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಬಾಗಿಲು ತಟ್ಟಲು ಅನುಮತಿ ಇದ್ದ ಹಾಗೆ. ಒಳಗೆ ಬಿಡುವಾಗ ಆಯಾ ರಾಜ್ಯ ತನ್ನ ಪಟ್ಟಿಯನ್ನು ತೆಗೆದು ನೋಡುತ್ತದೆ.

ಟೆಕ್ಸಸ್‌ನಲ್ಲಿ ಪ್ರಿನ್ಸಿಪಾಲ್ ಪ್ರಮಾಣಪತ್ರಕ್ಕೆ ಎರಡು ವರ್ಷದ ಬೋಧನೆ ಸಾಕು, ಆದರೆ ಮಾಸ್ಟರ್ಸ್ ಪದವಿ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಇದು ತಿರುವುಮುರುವು. ಅಲ್ಲಿ ಬರಿಯ ಕ್ರೆಡೆನ್ಶಿಯಲ್ ಮುಗಿಸಿ ಮಾಸ್ಟರ್ಸ್ ಬಿಟ್ಟು ಬಂದ ನನ್ನ ಪರಿಚಯದವರೊಬ್ಬರು ಇಲ್ಲಿ ಮತ್ತೆ ಕಾಲೇಜಿಗೆ ಸೇರಬೇಕಾಯಿತು. ಅಲ್ಲದೆ ಇಲ್ಲಿ ಪ್ರಿನ್ಸಿಪಾಲ್ ಮತ್ತು ಸೂಪರಿಂಟೆಂಡೆಂಟ್ ಪ್ರಮಾಣಪತ್ರಗಳು ಬೇರೆ ಬೇರೆ. ನ್ಯೂಯಾರ್ಕ್‌ನಲ್ಲಿಯೂ ಶಾಲಾ ಕಟ್ಟಡದ ಮುಖ್ಯಸ್ಥರಿಗೆ ಒಂದು, ಡಿಸ್ಟ್ರಿಕ್ಟ್ ಮುಖ್ಯಸ್ಥರಿಗೆ ಇನ್ನೊಂದು. ನಿಮ್ಮ ಎಂ.ಎಸ್ಸಿ.ಯನ್ನು ಮೌಲ್ಯಮಾಪನ ಸಂಸ್ಥೆಯಿಂದ ಇಲ್ಲಿನ ಮಾಸ್ಟರ್ಸ್‌ಗೆ ಸಮ ಎಂದು ಬರೆಸಿಕೊಂಡಿದ್ದರೆ ಆ ಕಾಗದವನ್ನು ಜೋಪಾನವಾಗಿಡಿ. ಊರಿನ ಮೂರು ವರ್ಷದ ಬಿ.ಎಸ್ಸಿ. ಒಂದನ್ನೇ ಕೊಟ್ಟವರಿಗೆ, ಇದು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮವಲ್ಲ ಎಂಬ ಉತ್ತರ ಬರುವುದುಂಟು. ಮೇಲಿನ ಪದವಿಯನ್ನೂ ಬಿ.ಎಡ್. ಅನ್ನೂ ಒಟ್ಟಿಗೆ ಕಳುಹಿಸುವುದು ಲೇಸು.

ವಿಶೇಷ ಶಿಕ್ಷಣದ ಮಟ್ಟಿಗೆ ಹೇಳುವುದಾದರೆ, ತರಗತಿ ಶಿಕ್ಷಕರ ಪ್ರಮಾಣಪತ್ರ ಇದ್ದವರು ಪರೀಕ್ಷೆ ಬರೆದು ಅದನ್ನು ಸೇರಿಸಿಕೊಳ್ಳುವ ಪದ್ಧತಿ ಟೆಕ್ಸಸ್‌ನಲ್ಲಿದೆ. ಐಇಪಿ 1975ರ ಫೆಡರಲ್ ಕಾನೂನಿನಿಂದ ಬಂದದ್ದು, ಆದ್ದರಿಂದ ಆ ಕೆಲಸದ ಬುಡ ಎಲ್ಲ ರಾಜ್ಯದಲ್ಲೂ ಒಂದೇ. ಇಲ್ಲಿ ಆ ಸಭೆಯನ್ನು ಎಆರ್‌ಡಿ ಎನ್ನುತ್ತಾರೆ, ಫಾರಂಗಳು ಬೇರೆ, ಒಳಗಿನ ತಿರುಳು ಅದೇ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನನ್ನ ಎಂ.ಎಸ್ಸಿ. ಮೌಲ್ಯಮಾಪನ ಆಗಿದೆ, ಮಾಸ್ಟರ್ಸ್‌ಗೆ ಸಮ ಎಂದೇ ಬಂದಿದೆ. ಹಾಗಿದ್ದರೆ ಎರಡನೆಯ ಮಾಸ್ಟರ್ಸ್‌ಗೆ ಹಣ ಹಾಕುವುದು ವ್ಯರ್ಥವೇ? ಪ್ರಿನ್ಸಿಪಾಲರಿಗೆ ಏನು ಹೇಳಲಿ ಎಂಬ ಸಂಕೋಚವೂ ಇದೆ.

ಉತ್ತರ 1 ಬರೆದವರು

ನಿಮ್ಮ ಡಿಸ್ಟ್ರಿಕ್ಟ್‌ನ ಸಂಬಳದ ಪಟ್ಟಿಯನ್ನು ತೆರೆದು ನೋಡಿ. ಸೇವೆಯ ವರ್ಷ ಹೆಚ್ಚಿದಂತೆ ಪಟ್ಟಿಯಲ್ಲಿ ಕೆಳಗಿನ ಸಾಲಿಗೆ ಇಳಿಯುತ್ತೀರಿ, ಪದವಿಯ ನಂತರದ ಯೂನಿಟ್‌ಗಳು (ಕೋರ್ಸಿನ ಕ್ರೆಡಿಟ್‌ಗಳು) ಹೆಚ್ಚಿದಂತೆ ಬಲಕ್ಕೆ ಸರಿಯುತ್ತೀರಿ; ಎರಡೂ ಕಡೆ ಸಂಬಳ ಏರುತ್ತದೆ. ಎಂ.ಎಸ್ಸಿ.ಯ ಬಲದಿಂದ ಈಗಾಗಲೇ ಬಲತುದಿಯ ಕಾಲಂಗೆ ತಲುಪಿದ್ದರೆ ಎರಡನೆಯ ಮಾಸ್ಟರ್ಸ್‌ನಿಂದ ಸಂಬಳಕ್ಕೆ ಏನೂ ಸೇರುವುದಿಲ್ಲ. ತಲುಪಿಲ್ಲದಿದ್ದರೂ ಕ್ರೆಡೆನ್ಶಿಯಲ್ ಕೋರ್ಸಿನ ಯೂನಿಟ್‌ಗಳೇ ಸಾಕಾಗಬಹುದು. ಸೇರುವ ಮುನ್ನ ಸಿಬ್ಬಂದಿ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಬಾಯಿಮಾತು ಬೇಡ.

ಎರಡನೆಯ ಉತ್ತರವನ್ನು ಓದಿದ ಮೇಲೆ ನಾನೂ ಅವರ ಕಡೆಗೇ ವಾಲುತ್ತೇನೆ. ಆ ಮೇಜಿನ ತುದಿಯಲ್ಲಿ ಮೊದಲ ವರ್ಷ ಕುಳಿತಾಗ ನನಗೂ ಕಾನೂನು ಗೊತ್ತಿರಲಿಲ್ಲ. ವಿಶೇಷ ಶಿಕ್ಷಣದ ಶಿಕ್ಷಕಿಯೊಬ್ಬರು ಮೇಜಿನ ಕೆಳಗೆ ಚೀಟಿ ದಾಟಿಸಿ ನನ್ನನ್ನು ಕಾಪಾಡುತ್ತಿದ್ದರು. ಪ್ರಿನ್ಸಿಪಾಲರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಆಡಳಿತಕ್ಕೆ ಬರುತ್ತೇನೆ, ಈ ದಾರಿಯಿಂದ ಬರುತ್ತೇನೆ, ಅಲ್ಲಿಯವರೆಗೆ ಐಇಪಿ ಸಭೆಗಳಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತು ನೋಡಲು ಅವಕಾಶ ಕೊಡಿ ಎಂದು ಕೇಳಿ. ನಮ್ಮ ಶಾಲೆಯ ಶಿಕ್ಷಕರಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ನಾನು ಅಂದೇ ಕ್ಯಾಲೆಂಡರ್ ತೆಗೆಯುತ್ತಿದ್ದೆ. ಮುಂದಿನ ಸೆಮಿಸ್ಟರಿನ ಅರ್ಜಿಗೆ ಬೇಕಾಗುವ ಶಿಫಾರಸು ಪತ್ರವನ್ನೂ ಅದೇ ದಿನ ಕೇಳಿಬಿಡಿ.