ಬೀನನ್‌ಶ್ಟಿಷ್: ಬಾದಾಮಿ ಪದರ ಕಲ್ಲಿನಂತೆ ಗಟ್ಟಿ, ಕತ್ತರಿಸಿದರೆ ಕ್ರೀಮೆಲ್ಲ ಆಚೆ. ಎಲ್ಲಿ ತಪ್ಪುತ್ತಿದೆ?

ಹಿಟ್ಟಿನಕೈ:
ಜರ್ಮನಿಯ ಬೀನನ್‌ಶ್ಟಿಷ್ ಕೇಕಿನ ಬಗ್ಗೆ ಬಲ್ಲವರು ಹೇಳಿ. ಗೊತ್ತಿಲ್ಲದವರಿಗೆ: ಈಸ್ಟ್ ಹಾಕಿದ ಹಿಟ್ಟು, ಮೇಲೆ ಜೇನು-ಬಾದಾಮಿಯ ಪದರ, ಅಡ್ಡ ಸೀಳಿ ನಡುವೆ ವೆನಿಲಾ ಕ್ರೀಮ್.

ಅಳತೆ ಹೀಗಿದೆ. 26 ಸೆಂ.ಮೀ. ಟಿನ್ನಿಗೆ ಮೈದಾ 300 ಗ್ರಾಂ, ಹಾಲು 180 ಮಿ.ಲೀ., ಬೆಣ್ಣೆ 50, ಸಕ್ಕರೆ 40, ಮೊಟ್ಟೆ 1, ಡ್ರೈ ಈಸ್ಟ್ 7 ಗ್ರಾಂ. ಮೇಲಿನ ಪದರಕ್ಕೆ ಬೆಣ್ಣೆ 75, ಸಕ್ಕರೆ 100, ಜೇನು 2 ಚಮಚ, ಚಕ್ಕೆ ಬಾದಾಮಿ 100. ಪಾಕ ಕಂದು ತಿರುಗುವ ತನಕ ಕಾಯಿಸಿ, ಬಿಸಿಬಿಸಿಯಾಗೇ ಸುರಿದು, 200 ಡಿಗ್ರಿಯಲ್ಲಿ 25 ನಿಮಿಷ. ಕ್ರೀಮಿಗೆ ಹಾಲು, ಕಾರ್ನ್‌ಫ್ಲೋರ್, ಎರಡು ಮೊಟ್ಟೆಯ ಹಳದಿ. ಆರಿದ ಮೇಲೆ ವಿಪ್ಪಿಂಗ್ ಕ್ರೀಮ್ ಬೆರೆಸಿದ್ದು.

ಆಗುತ್ತಿರುವುದು: ಮೇಲ್ಪದರ ಹಲ್ಲಿಗೆ ಬಗ್ಗುವುದಿಲ್ಲ. ಅದರ ಕೆಳಗೇ ಒಂದು ಹಸಿ ಗೆರೆ. ರಾತ್ರಿ ಗಟ್ಟಿಯಾಗಿದ್ದ ಕ್ರೀಮ್ ಬೆಳಗ್ಗೆ ನೀರು.

ಪಾಕದಹದ:
ಮೊದಲೆರಡು ತೊಂದರೆಗೂ ಮೂಲ ಒಂದೇ: ಪಾಕ. ಕಂದು ಬರುವಷ್ಟು ಕಾಯಿಸಿದರೆ ನೀರೆಲ್ಲ ಹೋಗಿರುತ್ತದೆ, ಓವನ್‌ನಲ್ಲಿ ಮತ್ತೆ ಅರ್ಧ ಗಂಟೆ ಬೇಯುತ್ತದೆ. ಗಟ್ಟಿ ಟಾಫಿಯಾಗದೆ ಇನ್ನೇನಾಗಬೇಕು? ಬಣ್ಣ ಬರಬೇಕಾದದ್ದು ಓವನ್‌ನಲ್ಲಿ, ಪಾತ್ರೆಯಲ್ಲಿ ಅಲ್ಲ.

ನಿಮ್ಮ ಪಾಕದ ಅಳತೆಯಲ್ಲಿ ಕ್ರೀಮೂ ಇಲ್ಲ. ಹೀಗೆ ಮಾಡಿ: ಬೆಣ್ಣೆ 75, ಸಕ್ಕರೆ 75, ಜೇನು 30, ಕ್ರೀಮ್ 45, ಬಾದಾಮಿ 125, ಎಲ್ಲ ಗ್ರಾಂ ಲೆಕ್ಕ. ಬಾದಾಮಿ ಬಿಟ್ಟು ಉಳಿದದ್ದನ್ನು ಸಣ್ಣ ಉರಿಯಲ್ಲಿ ಕರಗಿಸಿ, ಕುದಿ ಬಂದ ಮೇಲೆ ಎರಡು ಮೂರು ನಿಮಿಷ ಸಾಕು. ಥರ್ಮಾಮೀಟರ್ ಇದ್ದರೆ 108-110 ಡಿಗ್ರಿ. ಬೆರಳಿನಲ್ಲಿ ಎಳೆ ನೋಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಇಷ್ಟು ಬೆಣ್ಣೆ ಇರುವಾಗ ಎಳೆ ಸರಿಯಾಗಿ ನಿಲ್ಲದು. ಗುಳ್ಳೆ ನೋಡಿ: ಮೊದಲು ಸಣ್ಣ ನೊರೆ, ಆಮೇಲೆ ದೊಡ್ಡ, ನಿಧಾನವಾಗಿ ಒಡೆಯುವ ಗುಳ್ಳೆ. ಅಷ್ಟಕ್ಕೆ ಇಳಿಸಿ ಬಾದಾಮಿ ಬೆರೆಸಿ. ಬೆಣ್ಣೆ ಬೇರ್ಪಟ್ಟು ಅಂಚಿನಲ್ಲಿ ಎಣ್ಣೆ ಕಂಡರೆ ಉರಿ ಹೆಚ್ಚಾಯಿತು ಅಂತ. ಒಂದು ಚಮಚ ಕ್ರೀಮ್ ಹಾಕಿ ಕಲಸಿದರೆ ಕೂಡಿಕೊಳ್ಳುತ್ತದೆ.

ಇದನ್ನು ಉಗುರು ಬೆಚ್ಚಗಾಗುವ ತನಕ ಬಿಡಿ. ಬಿಸಿ ಪಾಕ ಬಿದ್ದ ಕಡೆ ಈಸ್ಟ್ ಸಾಯುತ್ತದೆ, ಉಬ್ಬಿದ ಹಿಟ್ಟು ಕುಸಿಯುತ್ತದೆ, ಕುಸಿದ ಜಾಗಕ್ಕೆ ಪಾಕ ಇಳಿಯುತ್ತದೆ. ನಿಮ್ಮ ಹಸಿ ಗೆರೆ ಅದೇ. ಹಾಗೆಂದು ಕುದಿಸದೆ ಬರೀ ಕರಗಿಸಿ ಹಾಕಿದರೆ ತೆಳುವಾಗಿ ಅಂಚಿಗೆ ಹರಿದು ಟಿನ್ನಿಗೆ ಅಂಟುತ್ತದೆ. ಏನೇ ಆದರೂ ಟಿನ್ನಿನ ಒಳಗೋಡೆಗೂ ಬೇಕಿಂಗ್ ಪೇಪರ್ ಇರಲಿ.

ಇನ್ನೊಂದು, ಬಾದಾಮಿಯಲ್ಲಿ ಜಿಪುಣತನ ಬೇಡ. ಜರ್ಮನಿಯ ಬೇಕರಿ ಮಾರ್ಗಸೂಚಿಯ ಪ್ರಕಾರ ಮೇಲ್ಪದರದ ತೂಕ ನಾದಿದ ಹಿಟ್ಟಿನ ತೂಕದ ಕನಿಷ್ಠ ಶೇ. 20, ಆ ಪದರದಲ್ಲಿ ಬಾದಾಮಿಯಂಥ ಕಾಳುಬೀಜ ಕನಿಷ್ಠ ಶೇ. 30 ಇರಬೇಕು. ಮೇಲಿನ ಅಳತೆಯಲ್ಲಿ ಬಾದಾಮಿಯೇ ಶೇ. 35 ದಾಟುತ್ತದೆ.

ಹುದುಗು:
ಪಾಕದ ಮಾತು ಒಪ್ಪಿದೆ, ಆದರೆ ಹಿಟ್ಟಿನಲ್ಲೂ ತಪ್ಪಿದೆ. 300 ಗ್ರಾಂಗೆ 180 ಮಿ.ಲೀ. ಹಾಲು, ಮೇಲೊಂದು ಮೊಟ್ಟೆ: ಇಷ್ಟು ನೀರಾದ ಹಿಟ್ಟು ಮೇಲಿನ ಭಾರ ಹೊರುವುದಿಲ್ಲ. ಹಾಲು 140ಕ್ಕೆ ಇಳಿಸಿ. ಈಸ್ಟ್ 7 ಗ್ರಾಂ ಎನ್ನುವುದು ಜರ್ಮನ್ ಪೊಟ್ಟಣದ ಲೆಕ್ಕ, ಅದು 500 ಗ್ರಾಂ ಮೈದಾಕ್ಕೆ. ನಿಮಗೆ 4 ಗ್ರಾಂ ಸಾಕು. ಉಪ್ಪು ಬರೆದೇ ಇಲ್ಲ, 4 ಗ್ರಾಂ ಹಾಕಿ. ಉಪ್ಪಿಲ್ಲದಿದ್ದರೆ ರುಚಿ ಸಪ್ಪೆ, ಈಸ್ಟ್‌ಗೂ ಹಿಡಿತವಿಲ್ಲ.

ಬೆಣ್ಣೆ ಕೊನೆಗೆ. ಮೊದಲೇ ಹಾಕಿದರೆ ಹಿಟ್ಟು ಎಳೆಗಟ್ಟಲು ತಡ. 8-10 ನಿಮಿಷ ನಾದಿ. ಚೂರನ್ನು ಎರಡೂ ಕೈಯಲ್ಲಿ ಹಿಗ್ಗಿಸಿದಾಗ ಹರಿಯದೆ ಬೆಳಕು ಕಾಣುವಷ್ಟು ತೆಳುವಾಗಬೇಕು. ಒಂದು ಗಂಟೆ ಉಬ್ಬಿಸಿ, ಟಿನ್ನಿನಲ್ಲಿ ಹರಡಿ, ಮತ್ತೆ 20 ನಿಮಿಷ. ಮೇಲ್ಪದರ ಹಾಕುವ ಮೊದಲು ಫೋರ್ಕಿನಿಂದ ಹತ್ತಾರು ಕಡೆ ಚುಚ್ಚಿ, ಇಲ್ಲದಿದ್ದರೆ ಒಳಗಿನ ಗಾಳಿ ಬಾದಾಮಿ ಪದರವನ್ನು ಹಪ್ಪಳದಂತೆ ಎತ್ತುತ್ತದೆ.

200 ಡಿಗ್ರಿ ಜಾಸ್ತಿ. ಜರ್ಮನ್ ಪುಸ್ತಕಗಳಲ್ಲಿ "ಓಬರ್-ಉಂಟರ್‌ಹಿಟ್ಸೆ" ಅಂದರೆ ಫ್ಯಾನ್ ಇಲ್ಲದೆ ಮೇಲೆ-ಕೆಳಗೆ ಕಾವು, ಇದಕ್ಕೆ 180. "ಉಮ್‌ಲುಫ್ಟ್" ಅಂದರೆ ಫ್ಯಾನ್, 160. ಓವನ್ನಿನ ಕೆಳಗಿನ ಮೂರನೇ ಒಂದು ಭಾಗದಲ್ಲಿಟ್ಟು 25-30 ನಿಮಿಷ. ನಡುವಿನ ಹಿಟ್ಟು 92-94 ಡಿಗ್ರಿ ಮುಟ್ಟಿದ್ದರೆ ಬೆಂದಿದೆ.

ಹಿಟ್ಟಿನಕೈ:
ಇಬ್ಬರಿಗೂ ಧನ್ಯವಾದ. ಕ್ರೀಮಿನ ಕಥೆ? ಬಿಸಿ ಇರುವಾಗ ಗಟ್ಟಿಯಾಗೇ ಇರುತ್ತದಲ್ಲ?

ಬಾದಾಮಿಚಕ್ಕೆ:
ಕುದಿಸಲು ಹೆದರಿ ಬೇಗ ಇಳಿಸುತ್ತಿದ್ದೀರಿ. ಮೊಟ್ಟೆಯ ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ಕಿಣ್ವವಿದೆ. ಪೂರ್ತಿ ಕುದಿಯದಿದ್ದರೆ ಅದು ಸಾಯುವುದಿಲ್ಲ, ರಾತ್ರಿಯಿಡೀ ಕೂತು ಗಟ್ಟಿಯಾದದ್ದನ್ನು ಮತ್ತೆ ನೀರು ಮಾಡುತ್ತದೆ. ನಡುವಿನಲ್ಲೂ "ಬುಳುಕ್" ಎಂದು ಗುಳ್ಳೆ ಏಳಬೇಕು, ಎದ್ದ ಮೇಲೂ ಒಂದು ನಿಮಿಷ ಕೈ ಬಿಡದೆ ತಿರುಗಿಸಿ. ಕಾರ್ನ್‌ಫ್ಲೋರ್ ಇರುವುದರಿಂದ ಹಳದಿ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ.

ವಿಪ್ಪಿಂಗ್ ಕ್ರೀಮ್ ಬೆರೆಸಿದ್ದು ಹಗುರ, ಆದರೆ ಒತ್ತಿದರೆ ಜಾರುತ್ತದೆ. ನಿಲ್ಲಬೇಕೆಂದರೆ ಬೆಣ್ಣೆಯ ದಾರಿ: ಹಾಲು 500 ಮಿ.ಲೀ., ಕಾರ್ನ್‌ಫ್ಲೋರ್ 40 ಗ್ರಾಂ, ಸಕ್ಕರೆ 60, ಹಳದಿ 2, ವೆನಿಲಾ. ಬೇಯಿಸಿ, ಕೆನೆಗಟ್ಟದಂತೆ ಮೇಲೆ ಫಿಲ್ಮ್ ಅಂಟಿಸಿ ಆರಿಸಿ. ಮೆತ್ತಗಿನ ಬೆಣ್ಣೆ 200 ಗ್ರಾಂ ಬೆಳ್ಳಗಾಗುವಂತೆ ಬೀಟ್ ಮಾಡಿ, ಆರಿದ ಪುಡಿಂಗ್ ಚಮಚ ಚಮಚವಾಗಿ ಸೇರಿಸಿ. ಎರಡೂ ಒಂದೇ ತಾಪದಲ್ಲಿರಬೇಕು, ಸುಮಾರು 20-22 ಡಿಗ್ರಿ. ಪುಡಿಂಗ್ ಫ್ರಿಜ್‌ನಿಂದ ಬಂದದ್ದಾದರೆ ಬೆಣ್ಣೆ ಕಾಳುಕಾಳಾಗುತ್ತದೆ. ಆದರೂ ಎಸೆಯಬೇಡಿ, ಬಿಸಿನೀರಿನ ಪಾತ್ರೆಯ ಮೇಲೆ ಕೆಲವು ಸೆಕೆಂಡು ಹಿಡಿದು ಮತ್ತೆ ಬೀಟ್ ಮಾಡಿದರೆ ಸರಿಹೋಗುತ್ತದೆ.

ಕತ್ತರಿಸುವಾಗ ಕ್ರೀಮ್ ಆಚೆ ಬರುವುದಕ್ಕೆ ಮಾತ್ರ ಕ್ರೀಮನ್ನು ಬೈಯಬೇಡಿ. ಕೇಕು ಪೂರ್ತಿ ಆರಿದ ಮೇಲೆ ಗರಗಸದ ಚಾಕುವಿನಿಂದ ಅಡ್ಡ ಸೀಳಿ, ಮೇಲಿನ ಹೋಳನ್ನು ಮೊದಲೇ 12 ತುಂಡು ಮಾಡಿ. ಕೆಳಗಿನದಕ್ಕೆ ಕ್ರೀಮ್ ಬಳಿದು, ತುಂಡುಗಳನ್ನು ಪಕ್ಕಪಕ್ಕ ಜೋಡಿಸಿ ಒಂದು ಗಂಟೆ ತಂಪಿನಲ್ಲಿಡಿ. ಬಡಿಸುವಾಗ ಚಾಕು ಆ ಸಂದಿಯಲ್ಲೇ ಇಳಿಯುತ್ತದೆ, ಗಟ್ಟಿ ಬಾದಾಮಿ ಮೇಲೆ ಒತ್ತುವ ಪ್ರಮೇಯವೇ ಇಲ್ಲ.

ಮಾಡಿದ ದಿನವೇ ಮುಗಿಸಿ. ಮರುದಿನಕ್ಕೆ ಮೇಲ್ಪದರ ತೇವ ಹೀರಿ ಅಂಟಂಟಾಗುತ್ತದೆ, ಫ್ರಿಜ್‌ನಲ್ಲಿ ಈಸ್ಟ್ ಹಿಟ್ಟು ಒರಟಾಗುತ್ತದೆ.

ಹಿಟ್ಟಿನಕೈ:
ಕೊನೆಯದೊಂದು. ಈಸ್ಟ್ ಇಲ್ಲದೆ ಆಗುವುದಿಲ್ಲವೇ? ಮತ್ತೆ ಹೆಸರೇಕೆ "ಜೇನ್ನೊಣದ ಕಡಿತ"?

ಹುದುಗು:
ರೈನ್ ನದಿಯ ದಡದ ಆಂಡರ್ನಾಖ್ ಊರಿನದೊಂದು ದಂತಕಥೆ ಇದೆ: 1474ರಲ್ಲಿ ಹತ್ತಿರದ ಲಿನ್ಸ್ ಊರಿನವರು ದಾಳಿಗೆ ಬಂದಾಗ ಬೇಕರಿ ಹುಡುಗರು ಕೋಟೆಯ ಮೇಲಿಂದ ಜೇನುಗೂಡು ಎಸೆದು ಓಡಿಸಿದರಂತೆ, ಆ ಗೆಲುವಿಗೆ ಈ ಕೇಕಂತೆ. ಕೇಳಲು ಚೆನ್ನಾಗಿದೆ, ಅಷ್ಟೇ.

ಈಸ್ಟ್ ಇಲ್ಲದೆ ಅಂದರೆ ಜರ್ಮನ್ನರದೇ ಕ್ವಾರ್ಕ್-ಎಣ್ಣೆ ಹಿಟ್ಟು ಇದೆ (ಕ್ವಾರ್ಕ್ ಅಂದರೆ ಗಟ್ಟಿ ಮೊಸರಿನಂಥ ಮೆತ್ತಗಿನ ತಾಜಾ ಚೀಸ್). ಮೈದಾ 300, ಬೇಕಿಂಗ್ ಪೌಡರ್ 15, ಕ್ವಾರ್ಕ್ 150, ಸಕ್ಕರೆ 75 ಗ್ರಾಂ. ಹಾಲು 90, ಎಣ್ಣೆ 90 ಮಿ.ಲೀ.; ಚಿಟಿಕೆ ಉಪ್ಪು. ಕ್ವಾರ್ಕ್ ನೀರಾಗಿದ್ದರೆ ಬಟ್ಟೆಯಲ್ಲಿ ಬಸಿದು ಆಮೇಲೆ ತೂಗಿ. ಕೂಡಿಬಂದರೆ ಸಾಕು, ಒಂದು ನಿಮಿಷಕ್ಕಿಂತ ಹೆಚ್ಚು ನಾದಿದರೆ ಅಂಟಾಗಿ ಕೈಗೆ ಹತ್ತುತ್ತದೆ. ತಡಮಾಡದೆ ತಕ್ಷಣ ಓವನ್‌ಗೆ ಹಾಕಬೇಕಾದ್ದರಿಂದ ಬಾದಾಮಿ ಪದರವನ್ನು ಮೊದಲೇ ಮಾಡಿ ಆರಲು ಇಟ್ಟಿರಿ.