ತಮಟೆ ಸ್ಯಾಂಪಲ್ ಚೆನ್ನಾಗಿದ್ರೂ ಲೂಪ್ ಮಾತ್ರ ಟೈಪ್‌ರೈಟರ್ ಥರ ಯಾಕೆ ಕೇಳುತ್ತೆ?

ಲೂಪ್‌ಕತ್ರಿಗುಪ್ಪೆ
ಒಂದು ತಮಟೆ, ಒಂದು ಡೊಳ್ಳು ರೆಕಾರ್ಡ್ ಮಾಡಿ ಕಿಟ್ ಕಟ್ಟಿದೀನಿ. 48 ಕಿಲೋಹರ್ಟ್ಸ್, 24 ಬಿಟ್. ಪ್ರತಿ ಪೆಟ್ಟಿಗೂ ಮೂರು ವೆಲಾಸಿಟಿ (ಪೆಟ್ಟಿನ ಜೋರು, 1ರಿಂದ 127) ಲೇಯರ್, ಲೇಯರ್‌ಗೆ ಒಂದೊಂದೇ ಸ್ಯಾಂಪಲ್. ಏಬಲ್‌ಟನ್ (ಸಂಗೀತ ಕಟ್ಟೋ ಸಾಫ್ಟ್‌ವೇರ್) ಒಳಗಿನ ಸ್ಯಾಂಪ್ಲರ್‌ಗೆ ಹಾಕಿ 128 ಬಿಪಿಎಂನಲ್ಲಿ (ನಿಮಿಷಕ್ಕೆ 128 ಏಟು) 16 ಸ್ಟೆಪ್ ಪ್ಯಾಟರ್ನ್ ಬರೆದಿದೀನಿ. ಧಾಟಿ ಗಣೇಶನ ಮೆರವಣಿಗೆದು. ಒಂದೊಂದೇ ಪೆಟ್ಟು ಕೇಳಿದ್ರೆ ಏನೂ ತೊಂದರೆ ಇಲ್ಲ. ಲೂಪ್ ಓಡಿಸಿದ್ರೆ ಟೈಪ್‌ರೈಟರ್. ಟೈಮಿಂಗ್ ರ‍್ಯಾಂಡಮ್ ಮಾಡಿದ್ರೆ ತಾಳವೇ ಸಡಿಲ ಆಗುತ್ತೆ. ಇನ್ನೊಂದು: ಡೊಳ್ಳಿನ ಕೆಳಗೆ 808 ಕಿಕ್ (ಡ್ರಮ್ ಮಷೀನ್‌ನ ಬೇಸ್ ಪೆಟ್ಟು) ಇಟ್ರೆ ಬೇಸ್ ಹೆಚ್ಚಾಗೋ ಬದಲು ಕಮ್ಮಿ ಆಗ್ತಿದೆ. ಎಲ್ಲಿಂದ ಶುರು ಮಾಡ್ಲಿ?

ಮಲ್ಲೇಶ್ವರಂಮಿಕ್ಸ್
ಲೇಯರ್‌ಗೆ ಒಂದೇ ಸ್ಯಾಂಪಲ್ ಅಂದ್ರಲ್ಲ, ಕಾರಣ ಅಲ್ಲೇ ಇದೆ. ಒಂದೇ ಅಲೆಯಾಕಾರ ಬೆನ್ನುಬೆನ್ನಿಗೆ ಬಂದ್ರೆ ಕಿವಿ ತಕ್ಷಣ ಹಿಡಿಯುತ್ತೆ. ಲೇಯರ್‌ಗೆ ಕನಿಷ್ಠ ನಾಲ್ಕು ಸ್ಯಾಂಪಲ್ ಇಟ್ಟು ರೌಂಡ್ ರಾಬಿನ್ ಮಾಡಿ, ಅಂದ್ರೆ ಸರದಿ ಮೇಲೆ ಬೇರೆ ಬೇರೆ ಸ್ಯಾಂಪಲ್ ಬರ್ಲಿ. ಕಾಂಟ್ಯಾಕ್ಟ್ ಅನ್ನೋ ಸ್ಯಾಂಪ್ಲರ್‌ನಲ್ಲಿ, ಪುಕ್ಕಟೆ ಸಿಗೋ ಡೀಸೆಂಟ್ ಸ್ಯಾಂಪ್ಲರ್‌ನಲ್ಲಿ ಇದಕ್ಕೆ ನೇರ ವ್ಯವಸ್ಥೆ ಇದೆ. ಏಬಲ್‌ಟನ್‌ನಲ್ಲೇ ಇರ್ತೀನಿ ಅಂದ್ರೆ ನಾಲ್ಕು ಸ್ಯಾಂಪಲ್ ನಾಲ್ಕು ಅಕ್ಕಪಕ್ಕದ ನೋಟ್‌ಗೆ ಹಾಕಿ, ಮುಂದೆ ರ‍್ಯಾಂಡಮ್ ಅನ್ನೋ ಮಿಡಿ (ನೋಟ್‌ಗಳ ಸೂಚನೆ) ಡಿವೈಸ್ ಇಡಿ. ಚಾನ್ಸ್ 100%, ಚಾಯ್ಸಸ್ 4, ಸ್ಕೇಲ್ 1, ಮೋಡ್ ಆಲ್ಟ್. ಸರದಿ ಪ್ರಕಾರ ನೋಟ್ ಬದಲಾಗುತ್ತೆ.

ವೆಲಾಸಿಟಿಯಿಂದ ಬರೀ ವಾಲ್ಯೂಮ್ ಬದಲಾಗ್ತಿದ್ರೆ ಅದೂ ಸಾಲದು. ಮೆಲ್ಲನೆ ಬಾರಿಸಿದ ಚರ್ಮ ಮಂಕಾಗಿ ಕೇಳ್ಬೇಕು. ಲೋ ಪಾಸ್ ಫಿಲ್ಟರ್‌ನ (ಮೇಲಿನ ಫ್ರೀಕ್ವೆನ್ಸಿ ಕಡಿಯೋದು) ಕಟ್‌ಆಫ್‌ನ, ಅಂದ್ರೆ ಕಡಿಯೋಕೆ ಶುರುವಾಗೋ ಜಾಗನ, ವೆಲಾಸಿಟಿಗೆ ಕಟ್ಟಿ: 40ರಲ್ಲಿ ಸುಮಾರು 3 ಕಿಲೋಹರ್ಟ್ಸ್, 127ರಲ್ಲಿ ಪೂರ್ತಿ ತೆರೆದಿರಲಿ. ಮೆಲು ಪೆಟ್ಟಿಗೆ ಸ್ಯಾಂಪಲ್ ಸ್ಟಾರ್ಟ್ 2ರಿಂದ 4 ಮಿಲಿಸೆಕೆಂಡ್ ಮುಂದಕ್ಕೆ ಹೋದ್ರೆ ಕಡ್ಡಿಯ ಚುರುಕು ತಾನಾಗೇ ಇಳಿಯುತ್ತೆ. ಹಾಗೆ ಮಾಡಿದಾಗ ಅಟ್ಯಾಕ್ (ಸದ್ದು ಏರೋ ಸಮಯ) 1 ಮಿಲಿಸೆಕೆಂಡ್ ಆದ್ರೂ ಕೊಡಿ. ಇಲ್ಲಾಂದ್ರೆ ಕಟ್ ಮಾಡಿದ ಜಾಗದಲ್ಲಿ ಟಿಕ್ ಅಂತ ಬರುತ್ತೆ.

ಎರಡುಕಡ್ಡಿ
ರೌಂಡ್ ರಾಬಿನ್ ಎಂಟು ಹಾಕಿದ್ರೂ ಇದು ಸರಿಹೋಗಲ್ಲ ಸ್ವಾಮಿ. ತಮಟೆಗೆ ಎರಡು ಕಡ್ಡಿ. ಒಂದು ದಪ್ಪ, ಗಿಡ್ಡ. ಇನ್ನೊಂದು ತೆಳು, ಉದ್ದ, ಬಳುಕುತ್ತೆ. ಎರಡರ ನಾದವೇ ಬೇರೆ. ಇವರ ಕಿಟ್‌ನಲ್ಲಿ ಮೂರು ಲೇಯರ್ ಅಂದ್ರೆ ಒಂದೇ ಕಡ್ಡಿ, ಮೂರು ಜೋರು. ತೆಳು ಕಡ್ಡಿ ಬರಬೇಕಾದ ಜಾಗದಲ್ಲಿ ದಪ್ಪ ಕಡ್ಡಿಯ ಮೆಲು ಪೆಟ್ಟು ಕೂತಿದೆ. ಅದರ ಮೇಲೆ ಫಿಲ್ಟರ್ ಹಾಕಿ ಇನ್ನೂ ಮಂಕು ಮಾಡಿ ಅಂತೀರಿ! ತೆಳು ಕಡ್ಡಿ ಸಣ್ಣದಾಗಿ ಕೇಳುತ್ತೆ ನಿಜ, ಆದ್ರೆ ಮಂಕಲ್ಲ. ದಪ್ಪದಕ್ಕಿಂತ ಚುರುಕು.

ಎರಡು ಕಡ್ಡಿಗೆ ಎರಡು ಬೇರೆ ಇನ್‌ಸ್ಟ್ರುಮೆಂಟ್, ಎರಡು ಬೇರೆ ಮಿಡಿ ಟ್ರ್ಯಾಕ್. ದಪ್ಪದಕ್ಕೆ ನಾಲ್ಕು ಲೇಯರ್, ತೆಳುವಿಗೆ ಎರಡೇ ಸಾಕು, ಆದರೆ ಅದಕ್ಕೆ ರೌಂಡ್ ರಾಬಿನ್ ಜಾಸ್ತಿ ಬೇಕು, ಯಾಕಂದ್ರೆ ತುಂಬಿಸೋ ಕೆಲಸವೆಲ್ಲ ಅದರದೇ. ಚರ್ಮದ ನಡುಭಾಗದ ಪೆಟ್ಟು, ಅಂಚಿನ ಪೆಟ್ಟು, ಕೈ ಒತ್ತಿ ಮುಚ್ಚಿದ ಪೆಟ್ಟು ಬೇರೆ ಬೇರೆ ನೋಟ್. ಮುಚ್ಚಿದ್ದು, ತೆರೆದದ್ದು ಎರಡೂ ಒಂದೇ ಚೋಕ್ ಗ್ರೂಪ್‌ನಲ್ಲಿರಲಿ, ಒಂದು ಬಂದ್ರೆ ಇನ್ನೊಂದು ನಿಲ್ಲುತ್ತೆ.

ಮಲ್ಲೇಶ್ವರಂಮಿಕ್ಸ್
ತೆಳು ಕಡ್ಡಿಗೆ ಫಿಲ್ಟರ್ ಬೇಡ, ಒಪ್ಪಿದೆ. ದಪ್ಪದಕ್ಕೆ ಬೇಕೇ ಬೇಕು. ಮೂರು ಲೇಯರ್ ನಡುವಿನ ಮೆಟ್ಟಿಲು ಕಿವಿಗೆ ಬೀಳದ ಹಾಗೆ ನುಣುಪು ಮಾಡೋದು ಅದೇ.

ನಡೆಭೇದ
ಇಬ್ಬರೂ ನಾದದ ಬಗ್ಗೆ ಮಾತಾಡ್ತಿದೀರಿ. ಮೆರವಣಿಗೆ ಧಾಟಿನ 16 ಸ್ಟೆಪ್‌ನಲ್ಲಿ ಯಾಕೆ ಬರೆದ್ರು ಅಂತ ಯಾರೂ ಕೇಳ್ಲಿಲ್ಲ! ಆ ಕುಣಿತದ ಧಾಟಿಗಳಲ್ಲಿ ಬಹಳಷ್ಟು ತಿಶ್ರ ನಡೆ, ಅಂದ್ರೆ ಏಟಿಗೆ ಮೂರು. ಅದನ್ನ ಏಟಿಗೆ ನಾಲ್ಕರ ಗ್ರಿಡ್‌ಗೆ ತುರುಕಿದ್ರೆ ಕ್ವಾಂಟೈಸ್ (ಪೆಟ್ಟನ್ನ ಗ್ರಿಡ್‌ಗೆ ಕೂರಿಸೋದು) ಪ್ರತಿ ಪೆಟ್ಟನ್ನೂ ಹತ್ತಿರದ ತಪ್ಪು ಮನೆಗೆ ಎಳೆಯುತ್ತೆ.

128ರಲ್ಲಿ ಒಂದು ಏಟು 468.75 ಮಿಲಿಸೆಕೆಂಡ್. ನಾಲ್ಕು ಭಾಗ ಮಾಡಿದ್ರೆ 117.2, ಮೂರು ಮಾಡಿದ್ರೆ 156.25. ತಿಶ್ರದ ಎರಡನೇ ಪೆಟ್ಟು 156ರಲ್ಲಿ ಬರಬೇಕಾದ್ದು 117ಕ್ಕೆ ಬರ್ತಿದೆ. 39 ಮಿಲಿಸೆಕೆಂಡ್ ಮುಂಚೆ. ಯಾವ ರೌಂಡ್ ರಾಬಿನ್ನೂ ಇದನ್ನ ಮುಚ್ಚಲ್ಲ. ಏಬಲ್‌ಟನ್‌ನಲ್ಲಿ ಕಂಟ್ರೋಲ್ ಮತ್ತು 3 ಒತ್ತಿದ್ರೆ ಟ್ರಿಪ್ಲೆಟ್ ಗ್ರಿಡ್. ಎಂಟನೇ ಭಾಗದ ಟ್ರಿಪ್ಲೆಟ್ ಇಟ್ಟರೆ ಬಾರ್‌ಗೆ 12 ಮನೆ ಸಿಗುತ್ತೆ.

ಶುರು ಮಾಡೋಕೆ ಒಂದು ಅಚ್ಚು, ಶಾಸ್ತ್ರ ಅಂತ ಹಿಡ್ಕೋಬೇಡಿ. ದಪ್ಪ ಕಡ್ಡಿ 1, 4, 7, 10ರಲ್ಲಿ. ವೆಲಾಸಿಟಿ 120, 84, 106, 88. ತೆಳು ಕಡ್ಡಿ 3, 6, 9, 12ರಲ್ಲಿ 50–60, ಜೊತೆಗೆ 8ರಲ್ಲಿ ಒಂದು 38. ಡೊಳ್ಳು 1, 6, 7. ನಾಲ್ಕನೇ ಬಾರ್‌ನ 10, 11, 12ರಲ್ಲಿ ದಪ್ಪ ಕಡ್ಡಿ 90, 104, 118 ಅಂತ ಏರಲಿ. ಇಷ್ಟಕ್ಕೆ, ರ‍್ಯಾಂಡಮ್ ಸೊನ್ನೆ ಇಟ್ಟೇ, ಕಾಲು ತಾನಾಗಿ ಆಡುತ್ತೆ.

ಬಸವನಗುಡಿಬೀಟ್
ಸೊನ್ನೆ ಯಾಕೆ? ಮನುಷ್ಯ ಬಾರಿಸಿದ್ರೆ 10 ಮಿಲಿಸೆಕೆಂಡ್ ಆಚೀಚೆ ಆಗೇ ಆಗುತ್ತೆ. ಹ್ಯೂಮನೈಸ್ ಇರೋದೇ ಅದಕ್ಕೆ.

ನಡೆಭೇದ
ಆಚೀಚೆ ಆಗುತ್ತೆ, ಆದರೆ ಲಾಟರಿ ಎತ್ತಿದ ಹಾಗೆ ಅಲ್ಲ. ತೆಳು ಕಡ್ಡಿ ಹೆಚ್ಚುಕಮ್ಮಿ ಪ್ರತಿ ಸಲ ಒಂದೇ ದಿಕ್ಕಿಗೆ ವಾಲುತ್ತೆ. ಮುಕ್ತಾಯ ಹತ್ತಿರ ಬಂದಾಗ ಇಡೀ ಕೈ ಚೂರು ಮುಂದಕ್ಕೆ ತಳ್ಳುತ್ತೆ. ಅದಕ್ಕೊಂದು ಕ್ರಮ ಇದೆ. ರ‍್ಯಾಂಡಮ್ ಬಟನ್ ಒಂದನೇ ಏಟನ್ನೂ ಅಲುಗಾಡಿಸುತ್ತೆ, ಪಕ್ಕದ ಮೆಲು ಪೆಟ್ಟನ್ನೂ ಅಲುಗಾಡಿಸುತ್ತೆ. ಒಂದು 10 ಹಿಂದೆ, ಇನ್ನೊಂದು 10 ಮುಂದೆ ಹೋದ್ರೆ ನಡುವಿನ ಅಂತರ 20 ಬದಲಾಯ್ತು. ಪ್ರಶ್ನೆ ಕೇಳಿದವರಿಗೆ ಸಡಿಲ ಅನ್ನಿಸಿದ್ದು ಇದಕ್ಕೇ.

ರೋಜರ್ ಲಿನ್ ಅನ್ನೋ ವಿನ್ಯಾಸಕ 1988ರ ಎಂಪಿಸಿ60 ಡ್ರಮ್ ಮಷೀನ್‌ಗೆ ಕೊಟ್ಟ ಸ್ವಿಂಗ್ ನೋಡಿ. ಹದಿನಾರನೇ ಭಾಗದ ಪ್ರತಿ ಜೋಡಿಯಲ್ಲಿ ಎರಡನೇದನ್ನ ತಡ ಮಾಡುತ್ತೆ, ಅಷ್ಟೇ. 50% ನೇರ, 66.7% ಪೂರ್ತಿ ಟ್ರಿಪ್ಲೆಟ್. 100 ಬಿಪಿಎಂನಲ್ಲಿ ಜೋಡಿ 300 ಮಿಲಿಸೆಕೆಂಡ್, 58% ಇಟ್ಟರೆ ಎರಡನೇದು 174ರಲ್ಲಿ, ಅಂದ್ರೆ 24 ತಡ. ಪ್ರತಿ ಸಲ ಅಷ್ಟೇ ತಡ. ಅದು ಜೀವಂತವಾಗಿ ಕೇಳೋದು ತಪ್ಪಿಲ್ಲದೆ ಮರುಕಳಿಸುತ್ತೆ ಅನ್ನೋ ಕಾರಣಕ್ಕೆ. ತೆಳು ಕಡ್ಡಿಯ ಟ್ರ್ಯಾಕ್ ಡಿಲೇಗೆ 6 ಮಿಲಿಸೆಕೆಂಡ್ ಹಾಕಿ ಕೇಳಿ, ಆಮೇಲೆ ಮೈನಸ್ 6 ಹಾಕಿ ಕೇಳಿ. ಒಂದು ಭಾರ ಆಗುತ್ತೆ, ಇನ್ನೊಂದು ಅವಸರ ಆಗುತ್ತೆ. ಯಾವುದು ಬೇಕೋ ಆರಿಸಿ ಅಲ್ಲೇ ಬಿಟ್ಟುಬಿಡಿ.

ಬಸವನಗುಡಿಬೀಟ್
ವೆಲಾಸಿಟಿಗೆ ಮಾತ್ರ ±5 ರ‍್ಯಾಂಡಮ್ ಇಟ್ಕೋತೀನಿ. ಅದನ್ನ ಬಿಡಲ್ಲ. ಇನ್ನೊಂದು ದಾರಿ: ನಿಜವಾದ ಮೆರವಣಿಗೆಯ ರೆಕಾರ್ಡಿಂಗ್‌ನಿಂದ ಎಕ್ಸ್‌ಟ್ರ್ಯಾಕ್ಟ್ ಗ್ರೂವ್ ಮಾಡಿ, ಅಂದ್ರೆ ಅದರ ಟೈಮಿಂಗ್ ತೆಗೆದುಕೊಳ್ಳಿ.

ಫೇಸ್‌ತಿರುಗಿಸಿ
ಮಾಡಬಹುದು, ಆದರೆ ಮೈಕ್ ಎಷ್ಟು ದೂರ ಇತ್ತು ನೋಡ್ಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. 5 ಮೀಟರ್ ಆಚೆ ಇದ್ದ ತಮಟೆ 14–15 ಮಿಲಿಸೆಕೆಂಡ್ ತಡವಾಗಿ ಬಂದಿರುತ್ತೆ, ಪಕ್ಕದಲ್ಲಿದ್ದದ್ದು ಆಗಲೇ ಬಂದಿರುತ್ತೆ. ಹತ್ತು ಜನ ಬಾರಿಸಿದ್ದನ್ನ ಒಂದು ಗ್ರೂವ್ ಮಾಡಿದ್ರೆ ಯಾರ ಕೈಯದೂ ಅಲ್ಲದ ಟೈಮಿಂಗ್ ಸಿಗುತ್ತೆ. ಒಬ್ಬರೇ ಬಾರಿಸಿದ, ಹತ್ತಿರದಿಂದ ತೆಗೆದ ಎರಡು ನಿಮಿಷ ಇದ್ರೆ ಮಾತ್ರ ಈ ದಾರಿ.

ಇನ್ನು 808 ವಿಷಯ. 60 ಹರ್ಟ್ಸ್‌ನ ಒಂದು ಸುತ್ತು 16.7 ಮಿಲಿಸೆಕೆಂಡ್. ಡೊಳ್ಳು ಮತ್ತು ಕಿಕ್ ನಡುವೆ 8 ಮಿಲಿಸೆಕೆಂಡ್ ವ್ಯತ್ಯಾಸ ಆದ್ರೆ ಒಂದು ಏರುವಾಗ ಇನ್ನೊಂದು ಇಳಿಯುತ್ತೆ, ಬೇಸ್ ಮಾಯ. ಮೊದಲು ಏಬಲ್‌ಟನ್‌ನ ಯುಟಿಲಿಟಿಯಲ್ಲಿ ಕಿಕ್‌ನ ಫೇಸ್ ತಿರುಗಿಸಿ (ಅಲೆ ತಲೆಕೆಳಗು ಮಾಡಿ) ಕೇಳಿ, ಎರಡು ಸೆಕೆಂಡಿನ ಕೆಲಸ. ಆಮೇಲೂ ಬೇಸ್ ಶುರುವಲ್ಲಿ ಗಟ್ಟಿ, ಬಾಲದಲ್ಲಿ ತೆಳು ಅಂತಾದ್ರೆ ಶ್ರುತಿ ಬೇರೆ ಇದೆ ಅಂತ ಅರ್ಥ. ಒಂದು 55, ಇನ್ನೊಂದು 68 ಹರ್ಟ್ಸ್ ಇದ್ರೆ ಸೆಕೆಂಡಿಗೆ 13 ಸಲ ಕೂಡಿ ಕಳೀತಾ ಇರುತ್ತೆ. ಡೊಳ್ಳು ಮುಟ್ಟಬೇಡಿ, 808ನ್ನೇ ಡೊಳ್ಳಿನ ಶ್ರುತಿಗೆ ಎಳೀರಿ. ಎರಡೂ ಆಗದಿದ್ರೆ ಡೊಳ್ಳಿಗೆ 100 ಹರ್ಟ್ಸ್ ಹೈ ಪಾಸ್ (ಅದರ ಕೆಳಗಿನದನ್ನ ಕಡಿಯೋ ಫಿಲ್ಟರ್) ಹಾಕಿ ಕೆಳಗಿನ ಮನೆ ಕಿಕ್‌ಗೆ ಬಿಟ್ಟುಕೊಡಿ.

ಡೊಳ್ಳಿಗೆ ಎರಡು ಮೈಕ್ ಇಟ್ಟಿದ್ರಾ? ಒಂದು ಕಡೆ ಚರ್ಮ ಒಳಗೆ ಹೋದಾಗ ಎದುರು ಕಡೆದು ಹೊರಗೆ ಉಬ್ಬುತ್ತೆ. ಎರಡು ಮೈಕ್‌ನ ಅಲೆ ಕೆಳಗಿನ ಭಾಗದಲ್ಲಿ ತಲೆಕೆಳಗಾಗಿ ಬಂದಿರುತ್ತೆ. ಒಂದನ್ನ ತಿರುಗಿಸಿ ಆಮೇಲೆ ಕೂಡಿಸಿ. ಹಾಗೇ ಕೂಡಿಸಿ ಒಂದೇ ಫೈಲ್ ಮಾಡಿಟ್ಟಿದ್ರೆ ಇನ್ನು ಏನೂ ಮಾಡಕ್ಕಾಗಲ್ಲ.

ಲೂಪ್‌ಕತ್ರಿಗುಪ್ಪೆ
ಡೊಳ್ಳಿಗೆ ಎರಡು ಮೈಕ್, ಫೈಲ್ ಬೇರೆ ಬೇರೆನೇ ಇದೆ. 12 ಮನೆ ಗ್ರಿಡ್‌ಗೆ ಬದಲಾಯಿಸಿದೆ, ಅರ್ಧ ರೋಗ ವಾಸಿ. ಆದ್ರೆ ಡೊಳ್ಳು ದಟ್ಟವಾಗಿ ಬಂದ ಕಡೆ ರಾಡಿ ಆಗ್ತಿದೆ. ಒನ್ ಶಾಟ್ ಮೋಡ್‌ನಲ್ಲಿದೆ (ಸ್ಯಾಂಪಲ್ ಪೂರ್ತಿ ಮುಗಿಯೋ ತನಕ ಓಡುತ್ತೆ).

ಫೇಸ್‌ತಿರುಗಿಸಿ
ಡೊಳ್ಳಿನ ಬಾಲ 800 ಮಿಲಿಸೆಕೆಂಡ್ ಇದ್ದು 156ಕ್ಕೊಂದು ಪೆಟ್ಟು ಬಿದ್ರೆ ಒಂದರ ಮೇಲೊಂದು ಐದು ಬಾಲ ಓಡ್ತಿರುತ್ತೆ. ನಿಜವಾದ ಡೊಳ್ಳಲ್ಲಿ ಚರ್ಮ ಒಂದೇ, ಹೊಸ ಪೆಟ್ಟು ಹಳೆಯ ಕಂಪನವನ್ನ ಮುರಿಯುತ್ತೆ. ಪಾಲಿಫೊನಿ (ಒಟ್ಟಿಗೆ ಓಡೋ ಸದ್ದಿನ ಸಂಖ್ಯೆ) 2ಕ್ಕೆ ಇಳಿಸಿ, ಅಥವಾ ತನ್ನನ್ನೇ ಚೋಕ್ ಮಾಡೋ ಹಾಗೆ ಇಟ್ಟು ರಿಲೀಸ್ (ಸದ್ದು ಆರೋ ಸಮಯ) 50 ಮಿಲಿಸೆಕೆಂಡ್ ಕೊಡಿ. 5 ಕೊಟ್ರೆ ಕತ್ತರಿಸಿದ್ದು ಗೊತ್ತಾಗುತ್ತೆ, 200 ಕೊಟ್ರೆ ಮತ್ತೆ ರಾಡಿ.

ಸ್ಯಾಂಪಲ್ ಶುರುವನ್ನೂ ಒಮ್ಮೆ ದೊಡ್ಡದು ಮಾಡಿ ನೋಡಿ. ಒಂದು ಸ್ಯಾಂಪಲ್‌ಗೆ ಮುಂದೆ 1 ಮಿಲಿಸೆಕೆಂಡ್ ಮೌನ, ಇನ್ನೊಂದಕ್ಕೆ 9 ಇದ್ರೆ ರೌಂಡ್ ರಾಬಿನ್ ಹಾಕಿದ ದಿನವೇ ಟೈಮಿಂಗ್ ಕೆಡುತ್ತೆ. 48 ಕಿಲೋಹರ್ಟ್ಸ್‌ನಲ್ಲಿ 8 ಮಿಲಿಸೆಕೆಂಡ್ ಅಂದ್ರೆ 384 ಸ್ಯಾಂಪಲ್ (ಇಲ್ಲಿ ಅಳತೆಬಿಂದು ಅಂತ ಅರ್ಥ), ದೊಡ್ಡದು ಮಾಡದೆ ಪರದೆ ಮೇಲೆ ಕಾಣಲ್ಲ. ಅಲೆಯ ತುದಿ ನೋಡಿ ಸಾಲು ಮಾಡಬೇಡಿ, ಕಡ್ಡಿ ತಾಗಿದ ಮೊದಲ ಗೆರೆಗೆ ಮಾಡಿ. ಡೊಳ್ಳಿನ ತುದಿ ತಡವಾಗಿ ಬರುತ್ತೆ, ಅದಕ್ಕೆ ಸಾಲು ಮಾಡಿದ್ರೆ ಕಡ್ಡಿ ಸದ್ದು ಮುಂಚೆಯೇ ಬಂದುಬಿಡುತ್ತೆ.

ಎರಡುಕಡ್ಡಿ
ಮತ್ತೆ ರೆಕಾರ್ಡ್ ಮಾಡೋದಾದ್ರೆ ಒಂದು ಮಾತು. ತಮಟೆ ಬೆಂಕಿಗೆ ಕಾಯಿಸಿದ ಮೇಲೆ ಶ್ರುತಿ ಏರಿರುತ್ತೆ, ಆರುತ್ತಾ ಇಳಿಯುತ್ತೆ. ಮಳೆಗಾಲದ ಬೆಂಗಳೂರಲ್ಲಿ ಇನ್ನೂ ಬೇಗ. ಮೊದಲು ಮೆಲು ಪೆಟ್ಟೆಲ್ಲ ಮುಗಿಸಿ ಕೊನೆಗೆ ಜೋರು ಪೆಟ್ಟು ತೆಗೆದ್ರೆ ಮೆಲು ಲೇಯರ್ ಎತ್ತರದ ಶ್ರುತಿ, ಜೋರು ಲೇಯರ್ ತಗ್ಗಿನ ಶ್ರುತಿ. ಕೀಬೋರ್ಡ್‌ನಲ್ಲಿ ಜೋರಾಗಿ ಒತ್ತಿದಷ್ಟೂ ಸ್ವರ ಇಳಿಯುತ್ತೆ. ಇದನ್ನ ಪ್ಲಗಿನ್ ದೋಷ ಅಂತ ಹುಡುಕ್ತಾ ಕೂರೋರು ಇದ್ದಾರೆ. ಮೆಲು, ನಡು, ಜೋರು ಒಂದು ಸುತ್ತು. ಮತ್ತೆ ಮೆಲು, ನಡು, ಜೋರು. ಪ್ರತಿ ಸುತ್ತಿನ ಮೊದಲು ಒಂದು ಅಳತೆ ಪೆಟ್ಟು. ಅದು 30 ಸೆಂಟ್ಸ್‌ಗಿಂತ (100 ಸೆಂಟ್ಸ್ ಅಂದ್ರೆ ಅರ್ಧ ಸ್ವರ) ಜಾಸ್ತಿ ಇಳಿದಿದ್ರೆ ಮತ್ತೆ ಕಾಯಿಸಿ. ಸಣ್ಣಪುಟ್ಟದ್ದನ್ನ ಸ್ಯಾಂಪ್ಲರ್‌ನ ಟ್ಯೂನ್‌ನಲ್ಲಿ ತಿದ್ದಬಹುದು.

ಲೆವೆಲ್ ಮೈನಸ್ 10 ಡೆಸಿಬಲ್ ತುದಿ ಸಾಕು, 24 ಬಿಟ್‌ನಲ್ಲಿ ಅಂಚಿಗೆ ಹೋಗೋ ಅಗತ್ಯ ಇಲ್ಲ. ಮತ್ತೆ ಬಾಲ ಪೂರ್ತಿ ಕೇಳಿ. ಅದರಲ್ಲಿ ಆಟೋ ಹಾರ್ನ್ ಸಿಕ್ಕಿಬಿದ್ದಿದ್ರೆ ಬಾರ್‌ಗೆ ನಾಲ್ಕು ಸಲ ಹಾರ್ನ್. (ರಾತ್ರಿ ಹನ್ನೊಂದರ ಮೇಲೆ ರೆಕಾರ್ಡ್ ಮಾಡಿ ಅಂತ ಸಲಹೆ ಕೊಡೋರು ಯಾರೂ ಅಪಾರ್ಟ್‌ಮೆಂಟಲ್ಲಿ ತಮಟೆ ಬಡಿದವರಲ್ಲ.)

ಕಲಾಕ್ಷೇತ್ರಮೆಟ್ಟಿಲು
ಇಷ್ಟೆಲ್ಲ ಸರ್ಕಸ್ ಮಾಡೋ ಬದಲು ಬಾರಿಸೋರನ್ನ ಕರೆದು ಹಣ ಕೊಟ್ಟು ಹಾಡಿಗೇ ಬಾರಿಸಿಸಿ.

ಬಸವನಗುಡಿಬೀಟ್
ಹಾಡು ಒಂದು ಸಲ ಮುಗಿಯೋದಾದ್ರೆ ಸರಿ. ನಿರ್ದೇಶಕರು 128 ಬೇಡ 118 ಮಾಡಿ, ಎರಡನೇ ಚರಣ ತೆಗೀರಿ ಅಂದಾಗ ಅಷ್ಟು ಜನರನ್ನ ಮತ್ತೆ ಕರೆಸಬೇಕು.

ಕಲಾಕ್ಷೇತ್ರಮೆಟ್ಟಿಲು
ಕರೆಸಿ, ಮತ್ತೆ ಹಣ ಕೊಡಿ. ಸ್ಯಾಂಪಲ್‌ಗೆ ಅಂತ ಕರೆದ್ರೂ ಆ ಕಿಟ್‌ನ ಮುಂದೆ ಎಷ್ಟು ಹಾಡಿಗೆ ಬಳಸ್ತೀರಿ, ಮಾರ್ತೀರಾ ಅನ್ನೋದನ್ನ ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಪ್ರದರ್ಶನಕ್ಕೂ 50 ವರ್ಷದ ಹಕ್ಕಿದೆ. ಹಳೇ ಸಿನಿಮಾ ಹಾಡಿನಿಂದ ತಮಟೆ ತುಂಡು ಕತ್ತರಿಸೋರಿಗೆ ಇನ್ನೂ ಕಷ್ಟ: ರಾಗ ಸಂಯೋಜನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ, ಎರಡಕ್ಕೂ ಅನುಮತಿ ಬೇಕು.

ಮಲ್ಲೇಶ್ವರಂಮಿಕ್ಸ್
ಇದಕ್ಕೆ ಎದುರು ಮಾತಿಲ್ಲ. ಆದರೆ ಎರಡೂ ಮಾಡಬಹುದಲ್ಲ? ಮುಂದೆ ಕೇಳೋ ಒಂದು ತಮಟೆ ಲೈವ್, ಹಿಂದಿನ ಗುಂಪು ಸ್ಯಾಂಪಲ್.

ಗುಂಪು ಕಟ್ಟೋವಾಗ ಒಂದೇ ಟ್ರ್ಯಾಕ್‌ನ ಎಂಟು ಸಲ ಕಾಪಿ ಹೊಡೆದು ಡಿಲೇ ಕೊಡಬೇಡಿ. ಒಂದೇ ಅಲೆ ಸಣ್ಣ ಅಂತರದಲ್ಲಿ ಕೂಡಿದ್ರೆ ಬಾಚಣಿಗೆ ಹಲ್ಲಿನ ಥರ ಫ್ರೀಕ್ವೆನ್ಸಿಗಳು ಬಿದ್ದು ಕೊಳವೆಯೊಳಗಿಂದ ಬಂದ ಸದ್ದಾಗುತ್ತೆ. ಒಬ್ಬೊಬ್ಬ ಬಾರಿಸುವವನಿಗೂ ಒಂದೊಂದು ಟ್ರ್ಯಾಕ್. ಒಬ್ಬನ ರೌಂಡ್ ರಾಬಿನ್ 1ರಿಂದ ಶುರುವಾದ್ರೆ ಮುಂದಿನವನದು 2ರಿಂದ. ಶ್ರುತಿ ±25 ಸೆಂಟ್ಸ್ ಒಳಗೆ ಬೇರೆ ಬೇರೆ. ಟ್ರ್ಯಾಕ್ ಡಿಲೇ ಒಬ್ಬನಿಗೆ ಮೈನಸ್ 8, ಒಬ್ಬನಿಗೆ 5, ಒಬ್ಬನಿಗೆ 14, ಹಾಡು ಮುಗಿಯೋ ತನಕ ಅದೇ. ನಡೆಭೇದ ಹೇಳಿದ ಕ್ರಮದ ಮಾತು ಇಲ್ಲಿ ನನಗೂ ಒಪ್ಪಿಗೆ. ಬೇಕಿದ್ರೆ ಅದರ ಮೇಲೆ ±3 ರ‍್ಯಾಂಡಮ್. ನಾಲ್ಕು ಜನ ಸಾಕು, ಎಂಟು ಮಾಡಿದ್ರೆ ಬರೀ ಗದ್ದಲ.

ಲೂಪ್‌ಕತ್ರಿಗುಪ್ಪೆ
ಗುಂಪು ನಾಲ್ಕು ಟ್ರ್ಯಾಕ್, ಮುಂದಿನ ತಮಟೆಗೆ ಬಾರಿಸೋರನ್ನೇ ಕೇಳ್ತೀನಿ. ಕೊನೆ ಪ್ರಶ್ನೆ: ನಡುವೆ 80 ಬಿಪಿಎಂಗೆ ಇಳಿದು ಖಂಡ ನಡೆಯಲ್ಲಿ ನಾಲ್ಕು ಏಟು ಬೇಕು. ಏಟಿಗೆ ಐದರ ಗ್ರಿಡ್ ಇಲ್ಲದೆ ಹೇಗೆ?

ನಡೆಭೇದ
80ರಲ್ಲಿ ಏಟು 750 ಮಿಲಿಸೆಕೆಂಡ್, ಐದು ಭಾಗ ಮಾಡಿದ್ರೆ ತಲಾ 150. 100 ಬಿಪಿಎಂನಲ್ಲಿ ಹದಿನಾರನೇ ಭಾಗವೂ ಸರಿಯಾಗಿ 150. ಹಾಗಾಗಿ ಆ ಜಾಗದಲ್ಲಿ ಟೆಂಪೋ 100, ಟೈಮ್ ಸಿಗ್ನೇಚರ್ 5/4 ಮಾಡಿ. ಬಾರ್‌ಗೆ 20 ಮನೆ, ಏಟು 1, 6, 11, 16ರಲ್ಲಿ. ಮೆಟ್ರೊನೋಮ್ ನಾಲ್ಕಕ್ಕೊಂದು ಬಡಿಯುತ್ತೆ, ಅದನ್ನ ಆಫ್ ಮಾಡಿ ಆ ನಾಲ್ಕು ಮನೆಗೆ ರಿಮ್ ಶಾಟ್ ಇಟ್ಟುಕೊಳ್ಳಿ. ಟೆಂಪೋಗೆ ಸಿಂಕ್ ಆದ ಡಿಲೇ, ಎಲ್‌ಎಫ್‌ಓ (ಸದ್ದಿಗೆ ನಿಧಾನ ಏರಿಳಿತ ಕೊಡೋದು) ಎಲ್ಲ 100ಕ್ಕೆ ಓಡೋಕೆ ಶುರುಮಾಡುತ್ತೆ. ಡಿಲೇನ ಸಿಂಕ್‌ನಿಂದ ಬಿಡಿಸಿ 750 ಮಿಲಿಸೆಕೆಂಡ್ ಅಂತ ಕೈಯಾರೆ ಹಾಕಿ.